ಕರಡಿಗೆಯೊಳಗಿನ ಕಲ್ಲು

ನನ್ನ ಕೊರಳಲ್ಲಿ ಲಿಂಗವಿರಲಿಲ್ಲ. ಶಿವದಾರವಿತ್ತು, ಲಿಂಗವಿಡುವ ಬೆಳ್ಳಿಯ ಕರಡಿಗೆಯಿತ್ತು, ಹಣೆ ತುಂಬ ವಿಭೂತಿಯಿತ್ತು — ಕರಡಿಗೆಯ ಒಳಗೆ ಮಾತ್ರ ನಮ್ಮೂರ ಹಳ್ಳದಿಂದ ಆರಿಸಿ ತಂದ ಒಂದು ಕರಿಯ ಕಲ್ಲು. ಆ ಕಲ್ಲನ್ನು ಎದೆಯ ಮೇಲೆ ತೂಗಿಸಿಕೊಂಡು ನಾನು ನನ್ನ ಮೈದುನನ ಹೆಂಡತಿ ನೀಲವ್ವನನ್ನು ಲಿಂಗ ಕಳೆದುಕೊಂಡವಳು ಎಂದು ನಾಲ್ಕು ಜನರ ಎದುರಿಗೆ ಎತ್ತಿ ಆಡಿದೆ. ಅವಳ ಮಾತು ನಿಜವೆಂದು ಗೊತ್ತಿದ್ದವಳು ಆ ಅಂಗಳದಲ್ಲಿ ನಾನೊಬ್ಬಳೇ. ಗೊತ್ತಿಲ್ಲ ಎಂದೆ.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ನಾಲಿಗೆಯ ಚಾಳಿ ನನಗೆ ಗೊತ್ತಿದೆ. ಸುತ್ತಿ ಬಳಸಿ ಹೇಳತೊಡಗಿದರೆ ನಡುವೆ ಎಲ್ಲೋ ಒಂದು ಕಡೆ ನಾನೇ ‘ಪಾಪ’ ಎನ್ನಿಸಿಕೊಂಡುಬಿಡುತ್ತೇನೆ. ಕೇಳುವವರ ಕಣ್ಣು ಒದ್ದೆ ಮಾಡುವುದು ನನಗೆ ಕಷ್ಟದ ಕೆಲಸವಲ್ಲ, ವರ್ಷಗಟ್ಟಲೆ ಅದನ್ನೇ ಮಾಡಿಕೊಂಡು ಬಂದವಳು ನಾನು.

ನನ್ನ ಹೆಸರು ಸಂಗವ್ವ. ತವರು ಕುಣಿಕೋಣೂರ, ಕೊಟ್ಟ ಮನೆ ಬಿಳೂರ. ತವರಿನಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಸಾಲೆಗೆ ಹೋಗಿದ್ದೆ. ಅಷ್ಟಕ್ಕೇ ಬಿಳೂರಿನ ನಮ್ಮ ಓಣಿಯಲ್ಲಿ ನಾನು ಪಂಡಿತಳಾಗಿಬಿಟ್ಟೆ. ಶ್ರಾವಣ ಬಂತೆಂದರೆ ಹೆಂಗಸರು ನಮ್ಮ ಪಡಸಾಲೆಯಲ್ಲಿ ಕೂಡುತ್ತಿದ್ದರು, ನಾನು ಪುರಾಣ ಓದುತ್ತಿದ್ದೆ. ಓದುವುದು ಅರ್ಧ, ಕೂತವರಿಗೆ ಬುದ್ಧಿ ಹೇಳುವುದು ಅರ್ಧ. ಯಾರ ಮನೆಯಲ್ಲಿ ಪೂಜೆಗೆ ಮುಂಚೆ ಒಲೆ ಹೊತ್ತಿತು, ಯಾರ ಸೊಸೆ ಸ್ನಾನ ಮಾಡದೆ ರೊಟ್ಟಿ ಬಡಿದಳು — ಎಲ್ಲ ಸುದ್ದಿ ನನ್ನ ಕಿವಿಗೆ ಬರಬೇಕು, ಎಲ್ಲದಕ್ಕೂ ನನ್ನದೊಂದು ಮಾತು ಬೀಳಬೇಕು. ಹೆಂಗಸರು ನನಗೆ ಹೆದರುತ್ತಿದ್ದರು. ಅದನ್ನು ನಾನು ಗೌರವ ಎಂದುಕೊಂಡಿದ್ದೆ.

ನಮ್ಮ ಮನೆಯ ನೇಮ ಬಿಗಿ. ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸದೆ ಬಾಯಿಗೆ ತುತ್ತು ಇಡುವಂತಿಲ್ಲ. ಹುಟ್ಟಿದ ಕೂಸಿಗೆ ಕಟ್ಟಿದ ಲಿಂಗ ಮಣ್ಣಿಗೆ ಹೋಗುವವರೆಗೂ ಮೈಬಿಟ್ಟು ಹೋಗಬಾರದು. ಒಂದು ಸಲ ಯಾರದೋ ಮನೆಯ ಊಟಕ್ಕೆ ಕೂತಾಗ ಪಕ್ಕದ ಮನೆಯ ಗಂಗವ್ವನ ಕೊರಳು ಬರಿದಾಗಿದ್ದದ್ದು ನನ್ನ ಕಣ್ಣಿಗೆ ಬಿತ್ತು. ಪಾಪದ ಹೆಂಗಸು, ಸೆಕೆಗೆ ಕುತ್ತಿಗೆ ಉರಿಯುತ್ತದೆಂದು ಮನೆಯಲ್ಲಿ ತೆಗೆದಿಟ್ಟು ಬಂದಿದ್ದಳು. ಬಡಿಸುವವರು ರೊಟ್ಟಿ ಹಿಡಿದು ನಿಂತಿದ್ದಾರೆ, ನಾನು ಗಟ್ಟಿಯಾಗಿ ಕೇಳಿದೆ:

“ಗಂಗವ್ವಾ, ನಿನ್ನ ಲಿಂಗಾ ಎಲ್ಲೈತಿ? ಗೂಟಕ್ಕ ತೂಗ ಹಾಕಿ ಬಂದೀಯೇನು? ಹಂಗಾರ ಆ ಗೂಟಾನ ಉಣ್ಣಲಿ, ನೀ ಯಾಕ ಉಣ್ತಿ?”

ಎಲ್ಲರೂ ನಕ್ಕರು. ಗಂಗವ್ವ ಎದ್ದು ಹೋದಳು. ನನ್ನ ಮಾತಿನ ಚುರುಕಿಗೆ ನಾನೇ ಮೆಚ್ಚಿಕೊಂಡು ಅಂದು ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

ಅದಾಗಿ ಇನ್ನೂ ಒಂದು ವಾರ ಕಳೆದಿರಲಿಲ್ಲ, ನನ್ನ ಲಿಂಗ ಹೋಯಿತು.

ನಮ್ಮ ಜತ್ತ ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ಕೂಡಿದ ವರ್ಷದ ಸುಗ್ಗಿ ಅದು. ಕಣದಲ್ಲಿ ಜೋಳ ತೂರುವ ಕೆಲಸ. ತೂರಿದವರು ಅತ್ತೆ, ನಾನು, ಹೊಸದಾಗಿ ಗಂಡನ ಮನೆಗೆ ನಡೆಯಲಿಕ್ಕೆ ಬಂದಿದ್ದ ನೀಲವ್ವ, ಮೂವರೇ. ಕರಡಿಗೆಯ ಮುಚ್ಚಳದ ತಿರುಪು ಸಡಿಲಾಗಿದೆ ಎಂದು ನನಗೆ ಮೊದಲೇ ಗೊತ್ತಿತ್ತು. ಜತ್ತಕ್ಕೆ ಹೋದಾಗ ಅಕ್ಕಸಾಲಿಗೆ ತೋರಿಸಿದರಾಯಿತು ಎಂದುಕೊಂಡಿದ್ದೆ. ಸಂಜೆ ಪೂಜೆಗೆ ಕೂತು ತೆಗೆದು ನೋಡುತ್ತೇನೆ — ಒಳಗೆ ಬರೀ ಜೋಳದ ಹೊಟ್ಟು. ಲಿಂಗವಿಲ್ಲ.

ಕಣಕ್ಕೆ ಓಡಿದೆ. ರಾಶಿ ಆಗಲೇ ಚೀಲ ಸೇರಿತ್ತು. ಹೊಟ್ಟನ್ನು ಎರಡೂ ಕೈಯಿಂದ ಬಾಚಿ ಬಾಚಿ ಹುಡುಕಿದೆ. ಮರುದಿನ ಜೋಳವನ್ನೆಲ್ಲ ಮನೆಯ ಮುಂದಿನ ಹಗೇವಿನಲ್ಲಿ ಸುರಿದು, ನೆಲದೊಳಗಿನ ಆ ಕಣಜದ ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿದರು. ಇನ್ನೆರಡು ಮೂರು ವರ್ಷ ಅದನ್ನು ತೆಗೆಯುವುದಿಲ್ಲ.

ಹೇಳಬಹುದಾಗಿತ್ತು. ಇದನ್ನು ನಾನು ಎಷ್ಟು ಸಲ ನನಗೇ ಹೇಳಿಕೊಂಡಿದ್ದೇನೋ — ಹೇಳಬಹುದಾಗಿತ್ತು. ಲಿಂಗ ಕಳೆದವರು ನಾನೇ ಮೊದಲಲ್ಲ. ಮಠಕ್ಕೆ ಹೋಗಿ ತಪ್ಪಾಯಿತು ಎಂದರೆ ಸ್ವಾಮಿಗಳು ಬೇರೊಂದನ್ನು ಕಟ್ಟುತ್ತಿದ್ದರು. ಅತ್ತೆ ನಾಲ್ಕು ದಿನ ಗೊಣಗುತ್ತಿದ್ದರು, ಮುಗಿಯುತ್ತಿತ್ತು. ಆದರೆ ಮಠಕ್ಕೆ ಹೋಗುವ ದಾರಿ ಗಂಗವ್ವನ ಬಾಗಿಲ ಮುಂದಿನಿಂದಲೇ. ಅವಳು ಕಟ್ಟೆಯ ಮೇಲೆ ಕೂತು, “ಸಂಗವ್ವಾ, ಈಗ ಯಾವ ಗೂಟಾ ಉಣ್ತೈತಿ?” ಎಂದು ಕೇಳುವುದು ನನ್ನ ಕಿವಿಗೆ ಆಗಲೇ ಕೇಳಿಸಿದಂತಾಯಿತು. ಸಾಯುವುದು ಲೇಸು ಅನ್ನಿಸಿತು. ಸಾಯಲಿಲ್ಲ. ಹಳ್ಳಕ್ಕೆ ಹೋಗಿ, ನುಣುಪಾದ, ಕರಿಯ, ಅಳತೆಗೆ ಸರಿಯಾದ ಒಂದು ಕಲ್ಲನ್ನು ಆರಿಸಿ ತಂದೆ.

ಅಂದಿನಿಂದ ಪೂಜೆಗೆ ಕೂತಾಗ ಸೆರಗನ್ನು ತಲೆಯ ಮೇಲಿಂದ ಪೂರ್ತಿ ಎಳೆದುಕೊಂಡು, ಅಂಗೈ ಯಾರಿಗೂ ಕಾಣದಂತೆ ಮರೆಮಾಡತೊಡಗಿದೆ. ನೋಡಿದವರು, ಸಂಗವ್ವನ ಪೂಜೆ ಎಂದರೆ ಪೂಜೆ, ಸುತ್ತಲಿನ ಎಚ್ಚರವೇ ಇರುವುದಿಲ್ಲ ಅವಳಿಗೆ, ಎಂದು ಮಾತಾಡಿಕೊಂಡರು. ಅದೂ ನನ್ನ ಕಿವಿಗೆ ಬಿತ್ತು. ಅದರಿಂದ ನನಗೆ ಸಂತೋಷವಾಯಿತು ಎಂದರೆ ನೀವು ನಂಬಬೇಕು — ಕಲ್ಲನ್ನು ಕೈಯಲ್ಲಿ ಹಿಡಿದುಕೊಂಡೇ ಸಂತೋಷವಾಯಿತು. ಬೇರೆಯವರ ಮೇಲೆ ನನ್ನ ನಾಲಿಗೆ ಮೊದಲಿಗಿಂತ ಹರಿತವಾದದ್ದೂ ಆಗಲೇ.

ನೀಲವ್ವ ಸನಮಡಿಯ ಹುಡುಗಿ. ನನ್ನ ಮೈದುನ ಮಲ್ಲಪ್ಪನಿಗೆ ತಂದದ್ದು. ಕೆಲಸದಲ್ಲಿ ಚುರುಕು, ನೇಮದಲ್ಲಿ ಸಡಿಲು. ಹಸಿವೆಯಾದರೆ ಅಡಿಗೆಮನೆಯ ಬಾಗಿಲ ಹಿಂದೆ ನಿಂತು ರೊಟ್ಟಿ ಮುರಿದುಕೊಂಡು ತಿನ್ನುತ್ತಿದ್ದಳು. ನಾನು ಕಂಡರೆ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ನಗುತ್ತಿದ್ದಳು. ಬಂದ ವರ್ಷವೇ ಬಸುರಾಗಿ ಹೆಣ್ಣು ಹೆತ್ತಳು. ನಾನು ಆ ಮನೆಗೆ ಬಂದದ್ದು ಅವಳಿಗಿಂತ ಎಷ್ಟೋ ವರ್ಷ ಮೊದಲು. ನನ್ನ ಮಡಿಲು ತುಂಬಿರಲಿಲ್ಲ, ಇಂದಿಗೂ ತುಂಬಿಲ್ಲ. ಕೂಸಿಗೆ ಶಾಂತಾ ಎಂದು ಹೆಸರಿಟ್ಟೆವು. ಎರೆಯುವವಳು ನಾನು, ಕಣ್ಣಿಗೆ ಕಾಡಿಗೆ ಹಚ್ಚುವವಳು ನಾನು, ತೊಟ್ಟಿಲು ತೂಗುವವಳು ನಾನು. ಹಾಲು ಕುಡಿಸುವುದಕ್ಕೆ ಮಾತ್ರ ಅವಳಿಗೆ ಕೊಡಬೇಕಾಗುತ್ತಿತ್ತು. ಕೊಡುವಾಗ ಪ್ರತಿ ಸಲ ನನ್ನೊಳಗೆ ಏನೋ ಒಂದು ಕಚ್ಚುತ್ತಿತ್ತು. ಇದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದರೆ ಅದು ಅರ್ಧ ಸುಳ್ಳಾಗುತ್ತದೆ.

ಶಾಂತಾ ನಡೆಯಲಿಕ್ಕೆ ಕಲಿತು, ಮೊಲೆ ಬಿಟ್ಟು, ರೊಟ್ಟಿ ತಿನ್ನುವ ಹೊತ್ತಿಗೆ ನೀಲವ್ವ ಒಮ್ಮೆ ತವರಿಗೆ ಹೋಗಿ ಬಂದಳು. ಬಂದ ಮೇಲೆ ಮಂಕಾಗಿದ್ದಳು. ಬೆಳಗಿನ ಜಾವ ನಾವಿಬ್ಬರೂ ಎದುರು ಬದರು ಕೂತು ಬೀಸುವುದು ವಾಡಿಕೆ — ಬೀಸುಕಲ್ಲಿಗೆ ಒಂದೇ ಗೂಟ, ಅದರ ಮೇಲೆ ಅವಳ ಕೈ, ಅವಳ ಕೈಯ ಮೇಲೆ ನನ್ನ ಕೈ. ಬೀಸುತ್ತ ಬೀಸುತ್ತ ಅವಳ ಕೈ ನಿಂತಿತು.

“ಅಕ್ಕಾ, ಒಂದ ಮಾತ ಹೇಳ್ತೀನಿ. ಯಾರ ಮುಂದೂ ಆಡಬ್ಯಾಡ ನೋಡು.”

“ಏನಾತು?”

“ಸನಮಡ್ಯಾಗ ಬಾವಿಗಿ ಜಳಕಾಕ್ಕ ಇಳಿದಿದ್ದೆ. ಕೊಳ್ಳಾಗಿನ ವಸ್ತ್ರದ ಗಂಟ ಬಿಚ್ಚಿ ಲಿಂಗಾ ನೀರಾಗ ಬಿತ್ತು. ಅಣ್ಣ ಮುಳುಗಿ ಹುಡುಕಿದಾ, ಸಿಗಲಿಲ್ಲ. ಸ್ವಾಮ್ಯಾರು ಊರಿಗಿ ಬಂದ ಕೂಡ್ಲೆ ಹೊಸಾದು ಕಟ್ಟಸ್ತೀನಂತ ಅಪ್ಪ ಅಂದಾನ. ಅಲ್ಲೀತನಕ ಅತ್ತಿಗಿ ತಿಳೀಬಾರದು. ನನಗ ಭಾಳ ಅಂಜಿಕಿ ಬಂದೈತಿ ಅಕ್ಕಾ.”

ನನ್ನ ಕರಡಿಗೆ ಅವಳ ಮುಖದಿಂದ ಒಂದು ಮೊಳ ದೂರದಲ್ಲಿ ತೂಗಾಡುತ್ತಿತ್ತು. ಆಗ ನಾನು ಹೇಳಬಹುದಾಗಿದ್ದ ಮಾತು ಎಷ್ಟು ಸಣ್ಣದು — ‘ನಂದೂ ಹೋಗೈತಿ ಸುಮ್ನಿರು’ — ಅಷ್ಟೇ. ಇಬ್ಬರೂ ಕೂಡಿ ಅತ್ತುಬಿಡಬಹುದಾಗಿತ್ತು, ನಕ್ಕುಬಿಡಲೂಬಹುದಾಗಿತ್ತು. ಆ ಹುಡುಗಿ ನಗುವವಳೇ. ನಾನು ಏನು ಹೇಳಿದೆ?

“ಲಿಂಗಾ ಜ್ವಾಪಾನ ಮಾಡಲಾರದಾಕಿ ಕೂಸಿನ್ನ ಹೆಂಗ ಜ್ವಾಪಾನ ಮಾಡ್ತಿ?”

ಅವಳು ತಲೆ ತಗ್ಗಿಸಿದಳು. ಆಮೇಲೆ, ಹೇಳುವುದಿಲ್ಲ ಹೋಗು, ಎಂದು ಮಾತು ಕೊಟ್ಟೆ. ಅವಳು ನನ್ನ ಕೈಯನ್ನು ಹಣೆಗೆ ಒತ್ತಿಕೊಂಡಳು. ಮತ್ತೆ ಬೀಸತೊಡಗಿದೆವು.

ಅದೇ ತಿಂಗಳು ಹಗೇವು ತೆಗೆದರು. ಹಳೆಯ ಜೋಳ, ಹುಳು ಬೀಳುವ ಮೊದಲು ತೆಗೆದು ಹಸನು ಮಾಡಬೇಕಿತ್ತು. ಅಂಗಳದಲ್ಲಿ ಚಾಪೆ ಹಾಸಿ ಮೊರ ಹಿಡಿದು ಕೂತೆವು — ಅತ್ತೆ, ನಾನು, ನೀಲವ್ವ, ಕೈಗೂಡಿಸಲಿಕ್ಕೆ ಬಂದ ಗಂಗವ್ವ ಮತ್ತು ಅವಳ ಸೊಸೆ. ನನ್ನ ಲಿಂಗ ಬಿದ್ದ ಕಣದ ಜೋಳವೇ ಅದು. ಸಿಕ್ಕರೆ ನನ್ನ ಮೊರದಲ್ಲೇ ಸಿಗಲಿ ಎಂದು ಶಿವನನ್ನು ಬೇಡಿಕೊಂಡೆ. ಸಿಕ್ಕರೆ ಸೆರಗಿನೊಳಗೆ ಸೇರಿಸಿ, ಕಲ್ಲನ್ನು ಎಸೆದು, ಇನ್ನು ಮೇಲೆ ಯಾರ ತಂಟೆಗೂ ಹೋಗುವುದಿಲ್ಲ ಎಂದು ಹರಕೆಯನ್ನೂ ಹೊತ್ತೆ.

ಸಿಕ್ಕದ್ದು ಅತ್ತೆಯ ಮೊರದಲ್ಲಿ.

ಅತ್ತೆ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ಊದಿ ಧೂಳು ತೆಗೆದರು. ಕರಿಯ ಲೇಪದ ಲಿಂಗ, ಎಲ್ಲರ ಲಿಂಗದಂಥದೇ. ನನ್ನದೆಂದು ಅದರ ಮೇಲೆ ಬರೆದಿರಲಿಲ್ಲ.

“ಶಿವ ಶಿವಾ. ಯಾರದಿದು? ಈ ಜ್ವಾಳಾ ಆ ವರ್ಷದ್ದು. ಕಣದಾಗ ತೂರಿದವರು ನಾವು ಮೂರ ಮಂದಿ.”

ಗಂಗವ್ವ ಮೊರ ಕೆಳಗಿಟ್ಟಳು. ಅವಳ ಕಣ್ಣು ನೇರವಾಗಿ ನನ್ನ ಮೇಲೆ ಬಿತ್ತು. “ಎಲ್ಲಾರೂ ತಮ್ತಮ್ಮ ಕೊಳ್ಳಾಗಿಂದು ತೆಗದ ತೋರಿಸ್ರೆವಾ. ತಿಳದ ಹೋಗ್ತೈತಿ,” ಎಂದಳು.

ಅತ್ತೆ ತಮ್ಮದನ್ನು ತೆಗೆದು ತೋರಿಸಿದರು. ಮುಂದಿನ ಸರದಿ ಹಿರಿಯ ಸೊಸೆಯಾದ ನನ್ನದು. ನನಗೆ ಏನೂ ಕಾಣಿಸಲಿಲ್ಲ, ಅಂಗಳವೆಲ್ಲ ಒಮ್ಮೆ ಬೆಳ್ಳಗಾದಂತಾಯಿತು. ಆ ಬಿಳುಪಿನೊಳಗಿಂದ ನನ್ನ ಧ್ವನಿ ನನಗೇ ಕೇಳಿಸಿತು — ಪುರಾಣ ಓದುವಾಗಿನ ಅದೇ ಸ್ಪಷ್ಟ ಧ್ವನಿ.

“ನೀಲವ್ವನ್ನ ಕೇಳ್ರಿ ಅತ್ತಿ. ಆಕಿ ಕೊಳ್ಳಾಗ ಲಿಂಗಾ ಇಲ್ಲ.”

ಎಲ್ಲರೂ ಅವಳ ಕಡೆಗೆ ತಿರುಗಿದರು. ನನ್ನ ಕರಡಿಗೆಯನ್ನು ತೆರೆ ಎಂದು ಆಮೇಲೆ ಯಾರೂ ಕೇಳಲಿಲ್ಲ, ಗಂಗವ್ವನೂ ಕೇಳಲಿಲ್ಲ. ಸಂಗವ್ವನ ಕರಡಿಗೆಯನ್ನು ತೆರೆಸುವುದುಂಟೆ? ಊರಿಗೆಲ್ಲ ನೇಮ ಹೇಳುವವಳು. ಅಷ್ಟು ವರ್ಷ ಬೇರೆಯವರ ಕೊರಳು ತಡಕಿದ್ದಕ್ಕೆ ನನಗೆ ಸಿಕ್ಕ ಲಾಭ ಅದು.

ನೀಲವ್ವ ಎದ್ದು ನಿಂತಳು. ತೊಡೆಯ ಮೇಲಿನ ಜೋಳ ಕೆಳಗೆ ಉದುರಿತು. “ಇದು ನಂದಲ್ರಿ ಅತ್ತಿ. ನಂದು ಮೊನ್ನಿ ತವರಿಗಿ ಹ್ವಾದಾಗ ಸನಮಡಿ ಬಾವ್ಯಾಗ ಬಿದ್ದೈತಿ. ಕೂಸಿನ ಆಣಿ ಮಾಡಿ ಹೇಳ್ತೀನಿ. ಅಕ್ಕಗ ಎಲ್ಲಾ ಹೇಳೀನಿ, ಅಕ್ಕಗ ಗೊತ್ತೈತಿ — ಅಕ್ಕಾ, ಹೇಳು. ನೀ ಹೇಳು ಅಕ್ಕಾ.”

ನಾನು ಮೊರದಲ್ಲಿನ ಜೋಳ ಕೇರುತ್ತ ಹೇಳಿದೆ: “ನನಗೇನ ಗೊತ್ತವಾ? ನನ್ನ ಮುಂದ ನೀ ಏನೂ ಹೇಳಿಲ್ಲ.”

ಅವಳು ನನ್ನನ್ನು ನೋಡಿದಳು. ಮೊದಲು ಮುಖವನ್ನು — ಆಮೇಲೆ ನಿಧಾನವಾಗಿ ನನ್ನ ಎದೆಯ ಮೇಲಿನ ಕರಡಿಗೆಯನ್ನು. ಆ ನೋಟ ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಮೂವರಲ್ಲಿ ಅತ್ತೆಯದು ಕೊರಳಲ್ಲಿದೆ, ಅವಳದು ಬಾವಿಯಲ್ಲಿದೆ. ಲೆಕ್ಕ ತಿಳಿಯಲಿಕ್ಕೆ ಸಾಲೆ ಬೇಕಿರಲಿಲ್ಲ. ಅವಳಿಗೆ ಗೊತ್ತಾಯಿತು. ಹೇಳಿದರೆ ಯಾರು ನಂಬುತ್ತಿದ್ದರು? ಪೂಜೆಗೆ ಮುಂಚೆ ರೊಟ್ಟಿ ಮುರಿದು ತಿನ್ನುವ ನೀಲವ್ವ ಒಂದು ಕಡೆ, ನಾನು ಒಂದು ಕಡೆ.

ಅಂದಿನಿಂದ ಅವಳಿಗೆ ಅಡಿಗೆಮನೆ ಇಲ್ಲವಾಯಿತು. ದನ ಕಟ್ಟುವ ಅಂಕಣದಲ್ಲಿ ಅವಳ ಊಟ. ಸಿಕ್ಕ ಲಿಂಗವನ್ನು ಅತ್ತೆ ಬಿಳಿ ಬಟ್ಟೆಯಲ್ಲಿ ಸುತ್ತಿ ಮಠಕ್ಕೆ ಒಪ್ಪಿಸಿ ಬಂದರು — ನಾನು ಹುಟ್ಟಿದಾಗ ನನಗೆ ಕಟ್ಟಿದ ಲಿಂಗ, ನನ್ನ ಕಣ್ಣೆದುರಿಗೇ ಹೊಸ್ತಿಲು ದಾಟಿ ಹೋಯಿತು. ಕೈ ಮುಗಿದೆ.

ಕೆಲವು ದಿನಗಳಲ್ಲಿ ನೀಲವ್ವನ ಅಪ್ಪ ಸನಮಡಿಯಿಂದ ಬಂದ. ಅಲ್ಲಿಯ ಸ್ವಾಮಿಗಳನ್ನೂ ಕರೆದುಕೊಂಡೇ ಬಂದಿದ್ದ. ಲಿಂಗ ಬಾವಿಯಲ್ಲಿ ಬಿದ್ದದ್ದು ನಿಜ ಎಂದು ಅವನೂ ಹೇಳಿದ, ಅಪ್ಪ ಮಗಳ ಪರ ಆಡದೆ ಇರುತ್ತಾನೆಯೇ ಎಂದು ನಮ್ಮವರು ತಳ್ಳಿಹಾಕಿದರು. ಸ್ವಾಮಿಗಳು ಅವಳಿಗೆ ಹೊಸ ಲಿಂಗ ಕಟ್ಟಿದರು, ಆಯ್ತು, ಇಷ್ಟಕ್ಕೆ ಯಾಕೆ ರಂಪ, ಎಂದು ನಮ್ಮವರಿಗೆ ಸಮಾಧಾನ ಹೇಳಿದರು. ನನ್ನ ಮೈದುನ ಮಲ್ಲಪ್ಪ ಒಪ್ಪಲಿಲ್ಲ. ಅವನು ಕೆಟ್ಟವನಲ್ಲ, ಹಟಮಾರಿ.

“ಲಿಂಗಾ ಹೋಗಿದ್ದಕ್ಕ ನಾ ಏನೂ ಅನ್ನೂದಿಲ್ರಿ ಸ್ವಾಮ್ಯಾರ. ಕಳದಿದ್ದು ಮೂರ ವರ್ಷದ ಕೆಳಗ, ಈಕಿ ಮೊನ್ನಿ ಅಂತಾಳ. ಇಷ್ಟ ದಿನಾ ಬರೇ ಕೊಳ್ಳಲೆ ರೊಟ್ಟಿ ಬಡದ ಹಾಕ್ಯಾಳ. ಮ್ಯಾಲ ಅತ್ತಿಗೆಮ್ಮನ ಮ್ಯಾಲ ಹಾಕಾಕ ಬರ್ತಾಳ. ಇಂಥಾ ಸುಳ್ಳಿ ನನಗ ಬ್ಯಾಡ.”

ಸುಳ್ಳಿ ಎಂಬ ಆ ಹೆಸರು ನನಗೆ ಸಲ್ಲಬೇಕಿತ್ತು. ನಾನು ಒಳಗಿನ ಬಾಗಿಲಲ್ಲಿ ಶಾಂತಾಳನ್ನು ಸೊಂಟದ ಮೇಲೆ ಹೊತ್ತು ನಿಂತಿದ್ದೆ. ಸ್ವಾಮಿಗಳ ಕಾಲು ಹಿಡಿಯಲಿಕ್ಕೆ ನಾಲ್ಕು ಹೆಜ್ಜೆಯೂ ಇರಲಿಲ್ಲ.

ಕೊನೆಗೆ ನೀಲವ್ವನ ಅಪ್ಪ ಎದ್ದು, ಮಗಳನ್ನು ಕರೆದುಕೊಂಡು ಹೋಗ್ತೀನಿ, ಕೂಸನ್ನೂ ಕೊಡ್ರಿ, ಎಂದ. ಅತ್ತೆ ಏನೋ ಯೋಚಿಸುತ್ತಿದ್ದರು, ಕೊಡುವ ಮನಸ್ಸೇ ಇತ್ತು ಅವರಿಗೆ, ಎಷ್ಟಾದರೂ ಹೆಣ್ಣು ಕೂಸು. ಆಗ ನಾನು ಬಾಯಿ ಬಿಟ್ಟೆ. ಹೆದರಿಕೆಗೆ ಆಡಿದ ಮಾತಲ್ಲ ಅದು. ಹೆದರುವಂಥದೆಲ್ಲ ಅಷ್ಟರಲ್ಲಿ ಮುಗಿದಿತ್ತು, ನಾನು ಗೆದ್ದಿದ್ದೆ.

“ಲಿಂಗಾ ಜ್ವಾಪಾನ ಮಾಡಲಾರದಾಕಿ ಕೂಸಿನ್ನ ಹೆಂಗ ಜ್ವಾಪಾನ ಮಾಡ್ತಾಳು?” ಎಂದೆ. “ನಮ್ಮ ಮನಿ ಕೂಸು. ನಾ ನೋಡ್ಕೋತೀನಿ.”

ಅತ್ತೆ ತಲೆಯಾಡಿಸಿದರು. ನೀಲವ್ವ ಅಳಲಿಲ್ಲ, ಬೇಡಲೂ ಇಲ್ಲ. ನನ್ನ ಹತ್ತಿರ ಬಂದು ಮಗಳ ಮೂಗು ಒರೆಸಿದಳು, ಅಂಗಿಯ ಗುಂಡಿ ಹಾಕಿದಳು. “ಬಿಸಿ ಅನ್ನಾ ಆರಿಸಿ ಹಾಕಕ್ಕಾ, ಆಕೀ ಬಾಯಿ ಭಾಳ ಮೆತ್ತಗೈತಿ,” ಎಂದು ಹೇಳಿ ಬಂಡಿ ಹತ್ತಿದಳು. ಶಾಂತಾ ಅವಳ ಕಡೆಗೆ ಕೈ ಚಾಚಿ ಚೀರಿದಳು. ನಾನು ಒಳಗೆ ಕರೆದುಕೊಂಡು ಹೋಗಿ ಬೆಲ್ಲ ಕೊಟ್ಟೆ.

ಮಲ್ಲಪ್ಪನಿಗೆ ಎರಡನೆಯ ಲಗ್ನವಾಯಿತು. ಆಕೆಗೆ ಇಬ್ಬರು ಗಂಡುಮಕ್ಕಳು. ನೀಲವ್ವ ಸನಮಡಿಯಲ್ಲಿ ಅಣ್ಣನ ಮನೆಯಲ್ಲಿ, ಅತ್ತಿಗೆಯ ಕೈಕೆಳಗೆ ಉಳಿದಳು. ಶಾಂತಾ ನನ್ನ ಮಗಳಾದಳು. ನನ್ನನ್ನು ಅವ್ವಾ ಎಂದು ಕರೆಯುವ ಒಂದು ಜೀವ ಈ ಲೋಕದಲ್ಲಿ ಇದ್ದರೆ ಅದು ಅವಳು. ಆ ಕರೆಗೆ ನಾನು ಎಷ್ಟು ಹಸಿದಿದ್ದೆ ಎಂಬುದನ್ನು ಇಲ್ಲಿ ಬರೆಯಬಾರದು. ಬರೆದರೆ ಅದು ನೆಪದಂತೆ ಕೇಳಿಸುತ್ತದೆ.

ಆದರೆ ಅವಳನ್ನು ಬೆಳೆಸಿದ ರೀತಿಯನ್ನು ಬರೆಯಲೇಬೇಕು. ಮಕ್ಕಳು ಸಣ್ಣ ಪುಟ್ಟ ಸುಳ್ಳು ಹೇಳುತ್ತವೆ. ಬೆಲ್ಲ ತಿಂದು ಇಲ್ಲ ಎನ್ನುತ್ತವೆ, ಸಾಲೆಯ ಪಾಟಿ ಒಡೆದು ಬೆಕ್ಕು ಕೆಡವಿತು ಎನ್ನುತ್ತವೆ. ಆಗೆಲ್ಲ ನಾನು ಹೇಳುತ್ತಿದ್ದೆ — “ನಿಮ್ಮವ್ವನಂಗ ಆಗಬ್ಯಾಡ. ಆಕಿ ಲಿಂಗಾ ಕಳಕೊಂಡಾಕಿ, ಮ್ಯಾಲ ಸುಳ್ಳ ಹೇಳಿದಾಕಿ.” ಹುಡುಗಿ ದೊಡ್ಡ ಕಣ್ಣು ಮಾಡಿ ಕೇಳುತ್ತಿತ್ತು. ತಾನು ಮಾತ್ರ ಹಾಗಾಗುವುದಿಲ್ಲ ಎನ್ನುತ್ತಿತ್ತು. ಯಾಕೆ ಹೇಳುತ್ತಿದ್ದೆ? ಅವಳು ಅತ್ತ ಕಡೆ ಒಂದು ದಿನವೂ ಹೊರಳಿ ನೋಡಬಾರದು, ಅದಕ್ಕೇ. ಬೇರೆ ಕಾರಣ ಹುಡುಕಿದರೂ ನನಗೆ ಸಿಗುವುದಿಲ್ಲ.

ವರ್ಷಕ್ಕೆ ಎರಡು ಮೂರು ಸಲ ಬಳೆಗಾರ ಮೌಲಾಸಾಬ ನಮ್ಮ ಓಣಿಗೆ ಬರುತ್ತಿದ್ದ. ಸನಮಡಿ, ಬಿಳೂರ, ಸುತ್ತಲಿನ ಎಲ್ಲ ಊರೂ ಅವನ ತಿರುಗಾಟದಲ್ಲಿದ್ದವು. ಒಮ್ಮೆ ಶಾಂತಾಳ ಕೈಗೆ ಹಸಿರು ಬಳೆ ಏರಿಸಿ, ನಾನು ಬಳೆಯ ಬೆಲೆಗೆ ಧಾನ್ಯ ತರಲಿಕ್ಕೆ ಏಳುವುದರೊಳಗೆ ಬೇಡವೆಂದು ಕೈ ಮಾಡಿದ. ಹುಡುಗಿ ಆಡಲಿಕ್ಕೆ ಓಡಿದ ಮೇಲೆ ಮೆಲ್ಲಗೆ ಹೇಳಿದ:

“ಇವು ಸನಮಡಿ ನೀಲಕ್ಕ ಕೊಟ್ಟ ಕಳಿಸಿದ್ದು ರೀ ಅಕ್ಕಾರ. ಪ್ರತೀ ಸಲ ಹ್ವಾದಾಗ ಕೇಳ್ತಾಳ, ಕೂಸಿನ ಕೈ ಈಗ ಎಷ್ಟಾಗೈತಿ ಮಾಮಾ ಅಂತ. ನಾ ಕೈ ಬಟ್ಟ ಕೂಡಿಸಿ ಬಳಿ ಅಳತಿ ಹಿಂಗ ತೋರಸ್ತೀನಿ. ಅದನ್ನ ನೋಡ್ಕೋತ ಕುಂದ್ರತಾಳ. ಅವ್ವ ಕಳಿಸ್ಯಾಳಂತ ಆಕಿಗಿ ನೀವೇ ಒಂದ ಮಾತ ಹೇಳ್ರಿ.”

ಹೇಳ್ತೀನಿ ಎಂದೆ. ಸಂಜೆ ಶಾಂತಾ ಬಳೆ ಆಡಿಸುತ್ತ ಬಂದು, ಯಾರು ಕೊಡಿಸಿದ್ದು, ಎಂದು ಕೇಳಿದಾಗ — ನಾನು, ಎಂದೆ. ಒಂದು ಸಲವಲ್ಲ, ಪ್ರತಿ ಸಲ. ಮೌಲಾಸಾಬನಿಗೆ ತಿಳಿಯಿತೋ ಏನೋ, ಆಮೇಲೆ ಅವನು ನನ್ನ ಮುಖ ನೋಡಿ ಮಾತಾಡುವುದನ್ನು ಬಿಟ್ಟ.

ಹೀಗೇ ನಡೆದುಹೋಗುತ್ತಿತ್ತು. ಹೋದ ವಾರ ಜತ್ತದ ಬಜಾರಕ್ಕೆ ಶಾಂತಾಳನ್ನು ಕರೆದುಕೊಂಡು ಹೋಗಿದ್ದೆ. ಅವಳು ಈಗ ನಾಲ್ಕನೆಯ ಇಯತ್ತೆ. ಮೆಣಸಿನಕಾಯಿ ಸಾಲಿನಲ್ಲಿ ನಿಂತಿದ್ದಾಗ ಎದುರಿನಿಂದ ಒಬ್ಬ ಹೆಂಗಸು ಬಂದಳು. ನನಗೆ ಗುರುತು ಹತ್ತಲಿಲ್ಲ. ಅಷ್ಟು ಸೊರಗಿದ್ದಳು. ಅವಳು ನನ್ನನ್ನು ನೋಡಲಿಲ್ಲ, ಹುಡುಗಿಯನ್ನು ನೋಡಿದಳು. ಒಮ್ಮೆಲೇ ಮುಂದೆ ಬಂದು ಶಾಂತಾಳ ಕೈಯನ್ನು ತನ್ನ ಕೈಗೆ ತೆಗೆದುಕೊಂಡು ಬಳೆಯ ಮೇಲೆ ಬೆರಳಾಡಿಸಿದಳು. ಆಗ ತಿಳಿಯಿತು.

“ಶಾಂತವ್ವಾ, ನಾ ಯಾರು ಗೊತ್ತೈತೇನವ್ವಾ?”

ಶಾಂತಾಳಿಗೆ ಗೊತ್ತಾಯಿತು. ಹತ್ತಿರದಿಂದ ನೋಡಿದರೆ ಮುಖಗಳೆರಡೂ ಒಂದೇ ಅಚ್ಚು, ಗೊತ್ತಾಗದೆ ಏನು. ಕೈ ಕೊಸರಿಕೊಂಡಳು. ನಾನು ಕಲಿಸಿದ ಪಾಠವನ್ನು ಒಂದು ಅಕ್ಷರ ತಪ್ಪದೆ ಒಪ್ಪಿಸಿದಳು.

“ನೀ ಲಿಂಗಾ ಕಳಕೊಂಡು ಸುಳ್ಳ ಹೇಳಿದಾಕಿ ಅಲ್ಲ? ನಾ ನಿನ್ನ ಕೂಡ ಮಾತಾಡೂದಿಲ್ಲ. ಅವ್ವಾ, ನಡಿ ಹೋಗೂನು.”

ಕೊನೆಯ ಮಾತು ನನಗೆ. ನನ್ನ ಸೆರಗು ಹಿಡಿದು ಎಳೆಯುತ್ತ ಆಡಿದ ಮಾತು. ನೀಲವ್ವ ಆಗ ನನ್ನನ್ನು ನೋಡಿದಳು. ಅವಳು ಬೈಯುತ್ತಾಳೆ, ನಡುಬಜಾರದಲ್ಲಿ ಕರಡಿಗೆಗೆ ಕೈ ಹಾಕಿ ಕಿತ್ತು ತೆರೆಯುತ್ತಾಳೆ ಎಂದು ಕಾದೆ — ತೆರೆಯಲಿ ಎಂದೂ ಕಾದೆ. ಅವಳು ಹುಡುಗಿಯ ತಲೆಯ ಮೇಲೆ ಕೈ ಇಟ್ಟಳು.

“ಹೌದವಾ,” ಎಂದಳು. “ನಿಮ್ಮವ್ವ ಹೇಳಿದಂಗ ಕೇಳು. ಸಾಲಿ ಬಿಡಬ್ಯಾಡ.”

ಹೊರಟು ಹೋದಳು. ಗದ್ದಲದಲ್ಲಿ ಅವಳ ಸೀರೆ ಸ್ವಲ್ಪ ದೂರ ಕಂಡಿತು, ಆಮೇಲೆ ಕಾಣಲಿಲ್ಲ.

ನೀಲವ್ವಾ, ನೀನು ಆ ಒಂದು ಮಾತಿನಲ್ಲಿ ಮಗಳನ್ನೂ ನನಗೇ ಬಿಟ್ಟುಕೊಟ್ಟೆ. ಮಗಳ ಕಣ್ಣಲ್ಲಿ ನಾನು ಸಣ್ಣವಳಾಗುವುದು ಬೇಡ ಎಂದು — ಅಥವಾ ಆ ಮಗು ಇದ್ದ ಆಸರೆಯನ್ನೂ ಕಳೆದುಕೊಳ್ಳಬಾರದು ಎಂದು — ಏನೆಂದು ಹೇಳಲಿ, ನಿನ್ನ ಮನಸ್ಸನ್ನು ಓದುವ ಅಧಿಕಾರ ನನಗಿಲ್ಲ. ಬಜಾರದಿಂದ ಮನೆಗೆ ಬರುವವರೆಗೆ ಬಂಡಿಯಲ್ಲಿ ಶಾಂತಾ, ತಾನು ಸರಿಯಾಗಿ ಹೇಳಿದೆನಲ್ಲವೇ ಅವ್ವಾ, ಎಂದು ಎರಡೆರಡು ಸಲ ಕೇಳಿದಳು. ಅಳು ಬಂತು, ಧೂಳು ಎಂದೆ. ಅದೂ ಸುಳ್ಳೇ.

ಮರುದಿನ ಅತ್ತೆಗೆ ಹೇಳಿದೆ. ಅವರಿಗೆ ಈಗ ಕಣ್ಣು ಮಂಜು. ಕರಡಿಗೆ ತೆರೆದು ಕಲ್ಲನ್ನು ಅವರ ಅಂಗೈಯಲ್ಲಿಟ್ಟೆ, ಕಣದಿಂದ ಹಿಡಿದು ಬಜಾರದವರೆಗೆ ಎಲ್ಲ ಹೇಳಿದೆ. ಅವರು ಕಲ್ಲನ್ನು ಬೆರಳಿಂದ ತಿಕ್ಕಿ ತಿಕ್ಕಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಈಗ್ಯಾಕ ಹೇಳಿದಿ ಸಂಗವ್ವಾ? ಮಲ್ಲಪ್ಪಗ ಮತ್ತೊಂದು ಸಂಸಾರ ಆಗೈತಿ. ಹೇಳಿ ಯಾರಿಗಿ ಏನ ಸಿಗಬೇಕು? ಕಲ್ಲ ಇರ್ಲಿ, ಹಂಗ ಇರ್ಲಿ. ಊರಾಗ ನಿನ್ನ ಮಾತಿಗಿ ಬೆಲಿ ಐತಿ, ಸುಮ್ನಿರು.”

ನನ್ನ ಯಜಮಾನರು, ಮಲ್ಲಪ್ಪ, ಇಬ್ಬರೂ ಅದನ್ನೇ ಹೇಳಿದರು, ಬೇರೆ ಬೇರೆ ಮಾತಿನಲ್ಲಿ. ಮಲ್ಲಪ್ಪನ ಮುಖ ಮಾತ್ರ ಬಿಳುಚಿಕೊಂಡಿತು. ಎದ್ದು ಹೊಲಕ್ಕೆ ಹೋದವನು ಊಟಕ್ಕೂ ಬರಲಿಲ್ಲ. ಮನೆಯವರೆಲ್ಲ ಸುಮ್ಮನಿರು ಎನ್ನುವಾಗ ಸುಮ್ಮನಿರುವುದು ಎಷ್ಟು ಹಾಯಾಗಿರುತ್ತದೆ! ಒಂದು ಇಡೀ ದಿನ ನಾನು ಆ ಹಾಯಿಯಲ್ಲಿದ್ದೆ. ಹೇಳಬೇಕಾದವರಿಗೆ ಹೇಳಿದೆನಲ್ಲ ಎಂದುಕೊಂಡೆ. ಹೇಳಬೇಕಾದವಳು ಆಗ ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಪಾಠ ಓದುತ್ತಿದ್ದಳು.

ಅವಳಿಗೆ ಹೇಳಿದರೆ ಅವಳು ಹೋಗುತ್ತಾಳೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಇಷ್ಟು ವರ್ಷ ಕಲ್ಲು ಎದೆಯ ಮೇಲೆ ಉಳಿದದ್ದು. ಗಂಗವ್ವನ ನಗೆಗೆ ಹೆದರುವುದು ಎಂದೋ ಮುಗಿದಿತ್ತು.

ನಿನ್ನೆ ಮಧ್ಯಾಹ್ನ ಸಾಲೆಯಿಂದ ಬಂದವಳನ್ನು ಎದುರಿಗೆ ಕೂಡಿಸಿಕೊಂಡೆ. ಹೇಳಿದೆ. ಕಲ್ಲು ತೋರಿಸಿದೆ. ಬಾವಿಯ ಮಾತು, ಬೀಸುವಾಗಿನ ಮಾತು, ‘ನನಗೇನ ಗೊತ್ತವಾ’ ಎಂದ ಮಾತು, ಕೂಸನ್ನು ಕೊಡುವುದಿಲ್ಲ ಎಂದ ಮಾತು, ಯಾವುದನ್ನೂ ಬಿಡಲಿಲ್ಲ. ಬಳೆ ಯಾರು ಕಳಿಸಿದ್ದೆಂದು ಹೇಳಿದೆ. ಅವಳ ಕಣ್ಣು ನನ್ನ ಮುಖದ ಮೇಲೆ ಹುಡುಕುತ್ತಿತ್ತು, ನಾನು ಈಗ ಹೇಳುತ್ತಿರುವುದು ನಿಜವೋ, ಮೊದಲು ಹೇಳಿದ್ದು ನಿಜವೋ ಎಂದು. ಎಲ್ಲ ಮುಗಿದ ಮೇಲೆ ಒಂದೇ ಒಂದು ಕೇಳಿದಳು.

“ನಾ ಬಜಾರದಾಗ ಹಂಗ ಅಂದ ಮ್ಯಾಲ ನಮ್ಮವ್ವ ಅತ್ತಳೇನು?”

“ಇಲ್ಲವ್ವಾ, ಅಳಲಿಲ್ಲ.”

ಅಲ್ಲಿಯವರೆಗೆ ತಡೆದುಕೊಂಡಿದ್ದ ಹುಡುಗಿ ಆಗ ಅತ್ತಳು. ಗೋಡೆಗೆ ಹಣೆ ಹಚ್ಚಿ, ನನ್ನ ಕಡೆ ಬೆನ್ನು ಮಾಡಿ ಅತ್ತಳು. ನಾನು ಬೆನ್ನ ಮೇಲೆ ಕೈ ಇಡಲು ಹೋದೆ, ಸರಿದಳು. ತಪ್ಪು ಮಾಡಿದವಳು ತಾನು ಎನ್ನುವಂತೆ ಅಳುತ್ತಿದ್ದಳು, ಆ ತಪ್ಪನ್ನು ಅವಳ ಬಾಯಲ್ಲಿ ಇಟ್ಟವಳು ಪಕ್ಕದಲ್ಲಿ ಕೂತಿದ್ದೆ.

ಅತ್ತು ಅತ್ತು ಸಾಕಾದ ಮೇಲೆ ಲಂಗದ ಅಂಚಿನಿಂದ ಮುಖ ಒರೆಸಿಕೊಂಡಳು. ಗೂಟದ ಮೇಲಿದ್ದ ತನ್ನ ಎರಡು ಅಂಗಿ ತೆಗೆದು ಮಡಿಸಿದಳು. ನನ್ನ ಕಡೆ ತಿರುಗದೆಯೇ ಕೇಳಿದಳು:

“ದೊಡ್ಡವ್ವಾ, ಸನಮಡಿಗಿ ಬಂಡಿ ಯಾವಾಗ ಕಟ್ಟಸ್ತಿ?”

ನೀಲವ್ವ ಬಂಡಿ ಹತ್ತಿ ಹೋದಾಗಿನಿಂದ ಅವಳು ನನ್ನನ್ನು ಹಾಗೆ ಕರೆದಿದ್ದಿಲ್ಲ. ಈಗಲೇ, ಎಂದೆ.